ಪೆರಿಯನಾಯಕಿಯ ಕ್ರಿಸ್‌ಮಸ್ ಕ್ಯಾಸೆಟ್

ಈ ಸಲ ಚೌಡೇಶ್ವರಿ ಅಮ್ಮನ ಹಾಡು ಬೇಡ, ಕ್ರಿಸ್‌ಮಸ್ ಹಾಡು ಹಾಡುತ್ತೇನೆ ಎಂದು ಪೆರಿಯನಾಯಕಿ ಹೇಳಿದಾಗ ಕ್ಯಾಸೆಟ್ ಕಂಪನಿಯ ದೇವರಾಜನ್‌ಗೆ ಮೊದಲು ಖುಷಿಯೇ ಆಯಿತು. ಕೊಯಮತ್ತೂರಿನ ಗಾಂಧಿಪುರದಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ ಅವನ ಕಂಪನಿ. ಪೆರಿಯನಾಯಕಿ ತಾನೇ ಕಟ್ಟಿ, ತಾನೇ ರಾಗ ಹಾಕಿ ಹಾಡಿದ ಅಮ್ಮನ ಹಾಡುಗಳು ಅವನಿಗೆ ಒಳ್ಳೆಯ ವ್ಯಾಪಾರ ತಂದಿದ್ದವು. ಅವಳಿಗೆ ಆಗ ಅರವತ್ತೆರಡು. ಹಲ್ಲು ಎರಡು ಹೋಗಿದ್ದರೂ ಕಂಠ ಹೋಗಿರಲಿಲ್ಲ.

"ಬಹಳ ಒಳ್ಳೇದಮ್ಮ," ಎಂದ ಅವನು ತಮಿಳಿನಲ್ಲಿ. "ಎಂಬತ್ತಾರನೇ ಇಸವಿ ಮುಗಿಯೋದರೊಳಗೆ ತಂದುಬಿಡೋಣ. ಕೀಬೋರ್ಡ್, ಗಿಟಾರು, ಡ್ರಮ್ಸು. ಹಿಂದೆ ಕೋರಸ್ ಹಾಡೋದಕ್ಕೆ ನಾಲ್ಕು ಹುಡುಗಿಯರು."

"ಯಾರೂ ಬೇಡ. ನಾನು, ನನ್ನ ಹಾರ್ಮೋನಿಯಂ. ಅಷ್ಟೇ."

"ಹಬ್ಬದ ಹಾಡಲ್ವಾ, ಕಳೆ ಬೇಡವೇ?"

"ಇವು ಅಡುಗೆಮನೇಲಿ ಹಾಡಿದ ಹಾಡು ತಂಬಿ. ಅಡುಗೆಮನೆಗೆ ಡ್ರಮ್ಸ್ ಹಿಡಿಸೋದಿಲ್ಲ. ಇನ್ನೊಂದು ಮಾತು. ಇವು ತಮಿಳಲ್ಲ, ನಮ್ಮ ಮನೆ ಮಾತಿನಲ್ಲಿವೆ. ಕನ್ನಡ."

ದೇವರಾಜನ್ ಪೆನ್ನು ಕೆಳಗಿಟ್ಟ. ಕೊಯಮತ್ತೂರಿನಲ್ಲಿ ನೇಕಾರರು ಮನೆಯೊಳಗೆ ಆಡುವ ಕನ್ನಡದಲ್ಲಿ ಏಸುವಿನ ಹಾಡು, ಅದನ್ನು ಹಾಡುವವಳು ಚೌಡೇಶ್ವರಿಯ ಭಕ್ತೆ. "ಕ್ರಿಶ್ಚಿಯನ್ನರಿಗೆ ಭಾಷೆ ಬರೋದಿಲ್ಲ. ಭಾಷೆ ಬರೋರಿಗೆ ಕ್ರಿಸ್‌ಮಸ್ ಬೇಡ. ಯಾರಮ್ಮ ಕೊಳ್ತಾರೆ?"

"ಯಾರೂ ಕೊಳ್ಳದಿದ್ರೆ ಬಿಡು. ಕೇಳಬೇಕಾದವಳು ಒಬ್ಬಳಿದ್ದಾಳೆ," ಎಂದು ಅವಳು ಎದ್ದಳು. ತಮಿಳಿನಲ್ಲಿ ಬರೆದು, ಸ್ವಲ್ಪ ವಾದ್ಯ ಸೇರಿಸಿದರೆ ನೋಡೋಣ ಎಂದು ದೇವರಾಜನ್ ಮೆಟ್ಟಿಲವರೆಗೂ ಹೇಳುತ್ತ ಬಂದ. ಅವಳು ತಿರುಗಿ ನೋಡಲಿಲ್ಲ.

ಆ ಒಬ್ಬಳು ಕೊಯಮತ್ತೂರಿನ ಪಕ್ಕದ ಪೋತ್ತನೂರಿನ ಮರಿಯಪುಷ್ಪಂ. ರೈಲ್ವೆಯಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವನ ಹೆಂಡತಿ. ಈಗ ವಿಧವೆ, ಎರಡು ಕಣ್ಣೂ ಮಂಜಾಗಿದ್ದವು. ಮಗಳು ಸ್ಟೆಲ್ಲಾ ವಾಲ್ಪಾರೈ ಬೆಟ್ಟದ ಟೀ ಎಸ್ಟೇಟ್ ಆಸ್ಪತ್ರೆಯಲ್ಲಿ ನರ್ಸ್. ತಾಯಿಯನ್ನು ಒಬ್ಬಳೇ ಬಿಡಲಾಗದೆ ಈ ಡಿಸೆಂಬರಿನಲ್ಲಿ ತನ್ನ ಜೊತೆ ಕರೆದೊಯ್ಯಲು ನಿರ್ಧರಿಸಿದ್ದಳು. ಆ ಘಾಟಿ ರಸ್ತೆಯ ತಿರುವುಗಳಲ್ಲಿ ಬಸ್ಸು ಹತ್ತಿ ಇಳಿಯುವುದು ಪೆರಿಯನಾಯಕಿಯ ಮೊಣಕಾಲಿಗೂ ಹೊಟ್ಟೆಗೂ ಆಗದ ಕೆಲಸ. ಅಂದರೆ ಇನ್ನು ಮುಂದೆ ಕ್ರಿಸ್‌ಮಸ್‌ಗೆ ಅವರಿಬ್ಬರೂ ಒಂದೆಡೆ ಕೂರುವಂತಿರಲಿಲ್ಲ.

ಅವರ ಸ್ನೇಹ ಶುರುವಾದದ್ದು ಪೋತ್ತನೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಸ್ವಾತಂತ್ರ್ಯ ಬರುವ ಹಿಂದಿನ ವರ್ಷ. ಪೆರಿಯನಾಯಕಿ ಆಗ ನಾಟಕ ಕಂಪನಿಯೊಂದರಲ್ಲಿ ಹಾಡುತ್ತಿದ್ದಳು. ಅದೇ ಕಂಪನಿಯ ಹಾರ್ಮೋನಿಯಂ ವಾದಕ ಅಂಗಪ್ಪನ್‌ನನ್ನು ಮದುವೆಯಾಗಿದ್ದಳು. ಅವನು ಬೇರೆ ಜಾತಿಯವನು. ಅವಳು ತುಂಬಿದ ಬಸುರಿಯಾಗಿದ್ದಾಗ ಕ್ಯಾಂಪಿನಲ್ಲೇ ವಿಷಮಜ್ವರ ಬಂದು ತೀರಿಹೋದ. ಅವನ ಹಾರ್ಮೋನಿಯಂ ಹೊತ್ತುಕೊಂಡು ಅವಳು ತವರಿಗೆ ಬಂದಳು. ತವರು ಬಾಗಿಲು ತೆರೆಯಲಿಲ್ಲ. ಪಾಲಕ್ಕಾಡಿನಲ್ಲಿದ್ದ ಕಂಪನಿಗೇ ಮರಳುವುದೆಂದು ಸ್ಟೇಷನ್ನಿಗೆ ಹೋದಳು. ರೈಲು ಬರುವ ಮೊದಲೇ ನೋವು ಬಂತು. ಗಂಡನಿಗೆ ಊಟದ ಕ್ಯಾರಿಯರ್ ಕೊಡಲು ಬಂದಿದ್ದ ಮರಿಯಪುಷ್ಪಂ ಒಂದು ಕೈಯಲ್ಲಿ ಹಾರ್ಮೋನಿಯಂ, ಇನ್ನೊಂದು ಕೈಯಲ್ಲಿ ಇವಳ ರಟ್ಟೆ ಹಿಡಿದು ಕ್ವಾರ್ಟರ್ಸಿಗೆ ನಡೆಸಿಕೊಂಡು ಹೋದಳು. ಯಾವ ಊರು, ಯಾವ ಜನ ಎಂದು ಕೇಳಲಿಲ್ಲ. ಕ್ರಿಸ್‌ಮಸ್ ದಿನ ಬೆಳಗಾಗುವಾಗ ಮೈಲ್‌ಸಾಮಿ ಹುಟ್ಟಿದ.

ಬಾಣಂತಿ ಕೂಸಿಗೆ ತನ್ನ ಮನೆಮಾತಿನಲ್ಲಿ ಜೋಗುಳ ಹಾಡಿದಳು. ಮರಿಯಪುಷ್ಪಂಗೆ ಅರ್ಥ ಅರೆಬರೆ ಆಯಿತು. "ಇದನ್ನೇ ನಮ್ಮ ಮಾದಾವಿನ, ಏಸುವಿನ ತಾಯಿಯ ಮೇಲೆ ಕಟ್ಟೇ ನಾಯಕಿ," ಎಂದಳು. "ಅವಳಿಗೂ ಯಾರೂ ಜಾಗ ಕೊಡಲಿಲ್ಲ."

ಅಂದಿನಿಂದ ಪ್ರತಿ ಕ್ರಿಸ್‌ಮಸ್‌ಗೂ ಒಂದು ಹೊಸ ಹಾಡು. ಪೆರಿಯನಾಯಕಿ ಮಗನನ್ನು ಕಟ್ಟಿಕೊಂಡು ಊರೂರು ಹಾಡಿದಳು, ಹೆಸರು ಮಾಡಿದಳು. ಹೆಸರು ಬಂದ ಮೇಲೆ ನೇಕಾರರ ಬೀದಿ ಅವಳನ್ನು ಕರೆದು ಸೇರಿಸಿಕೊಂಡಿತು. ಸಂಕ್ರಾಂತಿ ಬರುವ ತೈ ತಿಂಗಳ ಚೌಡೇಶ್ವರಿ ಹಬ್ಬದಲ್ಲಿ ಮೊದಲ ಹಾಡು ಅವಳದೇ ಆಯಿತು. ಕ್ರಿಸ್‌ಮಸ್ ಹಾಡುಗಳು ಮಾತ್ರ ಪೋತ್ತನೂರಿನ ಆ ಅಡುಗೆಮನೆ ದಾಟಿರಲಿಲ್ಲ.

ದೇವರಾಜನ್ ಬಾಯಿ ಸುಮ್ಮನಿರಲಿಲ್ಲ. ವಾರ ಕಳೆಯುವುದರೊಳಗೆ ಪೆರಿಯನಾಯಕಿಯ ತಮ್ಮ ಚೆನ್ನಕೇಶವನ್ ಮನೆಗೆ ಬಂದ. ಅವನು ನೇಕಾರರ ಸೊಸೈಟಿಯ ಅಧ್ಯಕ್ಷ, ದೇವಸ್ಥಾನದ ಸಮಿತಿಗೂ ಅವನೇ ದೊಡ್ಡವನು. ಮೈಲ್‌ಸಾಮಿಯ ಎರಡು ಮಗ್ಗಕ್ಕೆ ನೂಲು ಬರುತ್ತಿದ್ದದ್ದು ಆ ಸೊಸೈಟಿಯಿಂದಲೇ. ಮಾವನನ್ನು ಕಂಡು ಮೈಲ್‌ಸಾಮಿ ಮಗ್ಗದ ಗುಂಡಿಯಿಂದ ಎದ್ದು ಬಂದ. ಅವನ ಹೆಂಡತಿ ಈಶ್ವರಿ ಕಾಫಿ ತಂದಿಟ್ಟಳು. ಚೆನ್ನಕೇಶವನ್ ಮುಟ್ಟಲಿಲ್ಲ.

"ಏನಕ್ಕಾ, ಏಸು ಪಾಟು ಹಾಡಿ ಕ್ಯಾಸೆಟ್ಟು ಹಾಕ್ತೀಯಂತೆ?"

"ಹೌದು ಕೇಶವಾ. ಯಾಕೆ, ನಿಂಗೊಂದು ಬೇಕಾ?"

"ವೆಳಾಟು, ತಮಾಷೆ ಬೇಡ. ಜನ ಏನ್ ಕೇಳ್ತಾರೆ ಗೊತ್ತಾ? ನಿಮ್ಮಕ್ಕ ವೇದಕ್ಕೆ, ಏಸು ಮತಕ್ಕೆ ಸೇರಿಬಿಟ್ಟಳಾ ಅಂತಾರೆ."

"ನಾನು ಎಲ್ಲೂ ಸೇರಿಲ್ಲ. ಹಣೇಲಿ ಕುಂಕುಮ ಇಲ್ಲ ಅಂದ್ರೆ ಅದು ಅಂಗಪ್ಪನ್ ಹೋದದ್ದಕ್ಕೆ. ಬೆಳಗ್ಗೆ ಎದ್ದು ಚೌಡಮ್ಮನ್ನೇ ಕೂಗ್ತೀನಿ."

"ಹಂಗಾದ್ರೆ ಆ ಪಾಟು ಯಾಕೆ? ಹಾಡಬೇಕು ಅಂದ್ರೆ ಆ ಮನೇಲೇ ಹಾಡ್ಕೊ. ಇಷ್ಟು ವರ್ಷ ಹಾಡ್ಲಿಲ್ವಾ? ನಾವು ಕೇಳಿದ್ವಾ? ಕ್ಯಾಸೆಟ್ಟು ಅಂತ ಬಂದ್ರೆ ಊರಿಗೇ ಗೊತ್ತಾಗುತ್ತೆ. ಆಮೇಲೆ ತೈ ಹಬ್ಬಕ್ಕೆ ನಿನ್ನನ್ನ ಚೌಡಮ್ಮನ ಕೋವಿಲಲ್ಲಿ ಹಾಡೋಕೆ ಬಿಡೋದು ಕಷ್ಟ." ಅವನು ಮೈಲ್‌ಸಾಮಿಯ ಕಡೆ ನೋಡಿದ. "ಸೊಸೈಟೀಲೂ ನಾಲ್ಕು ಜನ ಮಾತಾಡ್ತಾರೆ."

ಮೈಲ್‌ಸಾಮಿಗೆ ಅರ್ಥವಾಯಿತು. "ಅಮ್ಮಾ," ಎಂದ ಮೆಲ್ಲಗೆ, "ಮಾವ ಹೇಳೋದ್ರಲ್ಲೂ ತಪ್ಪಿಲ್ಲ. ಪುಷ್ಪತ್ತೆಗೆ ಮನೇಲೇ ಒಂದು ಟೇಪು ಮಾಡಿ ಕೊಟ್ರಾಯ್ತು. ಹೆಸರು ಹಾಕಿ ಅಂಗಡೀಲಿ ಇಡೋದು ಯಾತಕ್ಕೆ?"

"ಹೆಸರು ಹಾಕೋದಕ್ಕೇ ಮಾಡ್ತಿರೋದು," ಎಂದಳು ಪೆರಿಯನಾಯಕಿ. ಅವಳ ದನಿ ಏರಲಿಲ್ಲ. "ನಾಟಕದೋಳು ಅಂದ್ರಿ, ಮುಚ್ಕೊಂಡೆ. ಗಂಡ ಬೇರೆ ಜಾತಿ ಅಂದ್ರಿ, ಅದನ್ನೂ ಮುಚ್ಕೊಂಡೆ. ನನಗೆ ಒಂದು ಚೊಂಬು ಬಿಸಿನೀರು ಕೊಟ್ಟವಳ ಹೆಸರನ್ನೂ ಮುಚ್ಕೊಂಡು ಸಾಯಬೇಕಾ?"

"ಹಳೇದೆಲ್ಲ ಈಗ ಯಾಕಕ್ಕಾ?"

"ನೀನು ಹೇಳು ಕೇಶವಾ. ನನ್ನ ಮಗ ಇಲ್ಲೇ ಇದ್ದಾನೆ. ಅವತ್ತು ಅಪ್ಪ ಬೇಡ ಅಂದ. ಸರಿ. ಒಳಗಿಂದ ಬಾಗಿಲ ತಾಳು ಹಾಕಿದ್ದು ಯಾರು?"

ಚೆನ್ನಕೇಶವನ್ ಹೆಗಲ ಮೇಲಿನ ಟವಲನ್ನು ತೆಗೆದು ಮತ್ತೆ ಹಾಕಿಕೊಂಡ. "ಚಿಕ್ಕ ವಯಸ್ಸು ನಂದು. ಅಪ್ಪ ಹೇಳಿದ್ರು."

"ಚಿಕ್ಕ ವಯಸ್ಸೇ. ಕಿಟಕೀಲಿ ನಿನ್ನ ಮುಖ ಕಂಡಿತು ನಂಗೆ. ಅಳ್ತಿದ್ದೆ ಕೂಡ. ಅದಕ್ಕೇ ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಈಗ ಅರವತ್ತಾಗ್ತಾ ಬಂತು ನಿಂಗೆ. ಈಗಲೂ ತಾಳು ಹಾಕೋಕೆ ಬಂದಿದ್ದೀಯಲ್ಲ, ಇದನ್ನ ಯಾರು ಹೇಳಿದ್ರು?"

ಅವನು ಚಪ್ಪಲಿ ಮೆಟ್ಟಿಕೊಂಡ. ಹೊರಡುವಾಗ, "ಕ್ಯಾಸೆಟ್ಟು ಬಂದ್ರೆ ಕೋವಿಲಲ್ಲಿ ಪಾಟಿಲ್ಲ. ಅಷ್ಟೇ," ಎಂದ.

"ಅದನ್ನ ಚೌಡಮ್ಮ ಹೇಳಲಿ," ಎಂದಳು ಅವಳು.

ಮೈಲ್‌ಸಾಮಿ ತಾನು ಪೋತ್ತನೂರಿನಲ್ಲಿ ಹುಟ್ಟಿದವನೆಂದು ಬಲ್ಲವನಾಗಿದ್ದ. ರೈಲು ತಪ್ಪಿ ಹಾಗಾಯಿತೆಂದು ತಿಳಿದಿದ್ದ; ಬಾಗಿಲಿನ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಮಗ್ಗಕ್ಕೆ ಇಳಿದ. ಲಾಳಿ ನಾಲ್ಕು ಸಲ ಆಡಿತು, ನಿಂತಿತು. ಆ ದಿನ ಮತ್ತೆ ಆಡಲಿಲ್ಲ. ಈಶ್ವರಿ ಮಾತ್ರ ಚೆನ್ನಕೇಶವನ್ ಮುಟ್ಟದೆ ಬಿಟ್ಟ ಕಾಫಿಯನ್ನು ಅತ್ತೆಯ ಕೈಗೆ ಕೊಟ್ಟು, "ಕುಡೀರಿ ಅತ್ತೆ. ಪಾಟಿನ ಕೆಲಸಕ್ಕೆ ನಾನು ಬರ್ತೀನಿ," ಎಂದಳು.

ಮರುದಿನ ಬೆಳಿಗ್ಗೆ ಪೆರಿಯನಾಯಕಿ ಎದ್ದು ನೋಡಿದರೆ ಮಗ ಹಾರ್ಮೋನಿಯಂ ಅನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಸೈಕಲ್ ಕ್ಯಾರಿಯರಿಗೆ ಬಿಗಿಯುತ್ತಿದ್ದ. ಹ್ಯಾಂಡಲಿನಲ್ಲಿ ದುಬೈಗೆ ಹೋಗಿಬಂದ ಗೆಳೆಯನಿಂದ ಕೇಳಿ ತಂದ ಟೇಪ್ ರೆಕಾರ್ಡರ್ ತೂಗುತ್ತಿತ್ತು.

"ನೂಲು?" ಎಂದಳು ಅವಳು.

"ನೂಲು ಬೇರೆ ಕಡೆನೂ ಸಿಗುತ್ತೆ. ನೀನು ಈಶ್ವರಿ ಜೊತೆ ಬಸ್ಸಲ್ಲಿ ಬಾ."

ಮರಿಯಪುಷ್ಪಂಳ ಮನೆಯಲ್ಲಿ ಸಾಮಾನೆಲ್ಲ ಗೋಣಿ ಸೇರಿತ್ತು. ಅಡುಗೆಮನೆಯಲ್ಲಿ ಒಲೆ, ಒನಕೆ, ಒಂದು ಚಾಪೆ, ಗೋಡೆಯಲ್ಲಿ ಮಾದಾವಿನ ಪಟ ಉಳಿದಿದ್ದವು. ಅಲ್ಲೇ ಕೂತರು. ಮರಿಯಪುಷ್ಪಂ ಗೋಡೆಗೆ ಒರಗಿ ಕಾಲು ಚಾಚಿದಳು. ಮೈಕು ಹಿಡಿಯಲು ಸ್ಟ್ಯಾಂಡ್ ಇರಲಿಲ್ಲ, ಒನಕೆಗೆ ಕಟ್ಟಿದರು. ಮೈಲ್‌ಸಾಮಿ ಗುಂಡಿ ಒತ್ತಿ ತಲೆ ಆಡಿಸಿದ. ಪೆರಿಯನಾಯಕಿ ಕಣ್ಣು ಮುಚ್ಚಿ ಮೊದಲ ವರ್ಷದ ಹಾಡು ಎತ್ತಿಕೊಂಡಳು.

ಹುಲ್ಲು ಬೆಚ್ಚಗೆ, ಹಸುವಿನ ಉಸಿರು ಬೆಚ್ಚಗೆ,
ಕದ ಹಾಕಿದ ಊರಿಗಿಂತ ಕೊಟ್ಟಿಗೆ ದೊಡ್ಡದು, ಮರಿಯಾ.
ಕೂಗು ತಾಯೇ ಕೂಗು,
ನೋವು ನಿಂದು, ನಾಚಿಕೆ ಊರಿಂದು.

ಹಾಡಿನ ನಡುವೆ ಕೊಯಮತ್ತೂರಿನ ಕಡೆಯಿಂದ ಒಂದು ಗೂಡ್ಸು ಗಾಡಿ ಬಂತು. ಸಿಳ್ಳೆ ಹೊಡೆಯಿತು, ಗೋಣಿಯೊಳಗಿನ ಪಾತ್ರೆಗಳು ನಡುಗಿದವು. ಮೈಲ್‌ಸಾಮಿ ನಿಲ್ಲಿಸಲು ಕೈ ಚಾಚಿದ. ಅವಳು ಕಣ್ಣು ಬಿಟ್ಟು ಬೇಡವೆಂದು ತಲೆ ಅಲ್ಲಾಡಿಸಿ, ಗಾಡಿಗಿಂತ ಎತ್ತರದಲ್ಲಿ ಸ್ವರ ಹಿಡಿದಳು. ಗಾಡಿ ಹೋಯಿತು. ಸ್ವರ ಅಲ್ಲೇ ಇತ್ತು.

"ಎರಡನೇ ಚರಣದಲ್ಲಿ ಒಂದು ಮಾತು ಬಿಟ್ಟೆ," ಎಂದಳು ಮರಿಯಪುಷ್ಪಂ ಹಾಡು ಮುಗಿದ ಮೇಲೆ, ತಮಿಳಿನಲ್ಲಿ.

"ನಿನಗೆ ಭಾಷೆಯೇ ಬರೋದಿಲ್ಲ, ಬಿಟ್ಟಿದ್ದು ಹೇಗೆ ಗೊತ್ತಾಯ್ತು?"

"ನಲವತ್ತು ವರ್ಷದಿಂದ ಕೇಳ್ತಿದ್ದೀನಲ್ಲೇ. ಮತ್ತೆ ಹಾಡು."

ಅವಳು ಮತ್ತೆ ಹಾಡಿದಳು. ಮಧ್ಯಾಹ್ನ ಕಳೆಯುವವರೆಗೆ ಒಂದರ ಹಿಂದೆ ಒಂದು ಹಾಡು ಬಂತು: ಮಗುವಿಗೆ ಎಣ್ಣೆ ಹಚ್ಚುವ ಹಾಡು, ಕೂಸನ್ನು ನೋಡಲು ಹೊರಟ ದೊರೆಗಳು ದಾರಿ ತಪ್ಪಿದ ಹಾಡು, ಗಂಡಸರೆಲ್ಲ ನಕ್ಷತ್ರ ನೋಡುತ್ತಿದ್ದಾಗ ಹೆಂಗಸರು ಬಟ್ಟೆ ಒಗೆದ ಹಾಡು. ಕೊನೆಯದಕ್ಕೆ ಮರಿಯಪುಷ್ಪಂ ನಕ್ಕಳು. ಆ ನಗುವೂ ಟೇಪಿನಲ್ಲಿ ಸೇರಿತು. ಮೈಲ್‌ಸಾಮಿ ಯಂತ್ರದ ಮೇಲೆ ಬಗ್ಗಿ ಕೂತಿದ್ದ. ಅವನ ಕಣ್ಣೀರು ಗುಂಡಿಗಳ ಮೇಲೆ ಬೀಳದಂತೆ ಈಶ್ವರಿ ತನ್ನ ಸೆರಗು ಕೊಟ್ಟಳು.

ಆ ಟೇಪು ಹಿಡಿದು ಪೆರಿಯನಾಯಕಿ ಮತ್ತೆ ದೇವರಾಜನ್‌ನ ಮಹಡಿ ಹತ್ತಿದಳು. ಅವನು ಎರಡು ಬದಿಯನ್ನೂ ಕೇಳಿದ. ಟೇಪನ್ನು ರೈಲಿನ ಸಿಳ್ಳೆಯವರೆಗೆ ಹಿಂದಕ್ಕೆ ಓಡಿಸಿದ.

"ಗೂಡ್ಸು ಗಾಡಿ ಕತ್ತರಿಸಲೇ?"

"ಬೇಡ."

"ಒಂದಷ್ಟು ಪ್ರತಿ ಹಾಕಿ ಕೊಡ್ತೀನಮ್ಮ. ಆದ್ರೆ ಕವರ್ ಮೇಲೆ ನಿಮ್ಮ ಹೆಸರು ಬೇಡ. ಪೋತ್ತನೂರು ಮರಿಯಮ್ಮಾಳ್ ಅಂತ ಹಾಕೋಣ. ನಿಮಗೂ ತೊಂದರೆ ಇಲ್ಲ, ನಾನು ಮಾರೋ ಅಮ್ಮನ ಕ್ಯಾಸೆಟ್ಟಿಗೂ ತೊಂದರೆ ಇಲ್ಲ."

"ಪೆರಿಯನಾಯಕಿ ಅಂತ ಹಾಕು. ಕೆಳಗೆ, ಚೌಡೇಶ್ವರಿಯ ಹಾಡುಗಾತಿ ಅಂತ ಹಾಕು. ಅಕ್ಷರ ದೊಡ್ಡದಿರಲಿ. ಇಲ್ಲದಿದ್ರೆ ಅಮ್ಮನ ಹಾಡಿಗೂ ಬೇರೆಯವರನ್ನ ಹುಡುಕ್ಕೋ."

ದೇವರಾಜನ್ ಹಣೆ ತಿಕ್ಕಿಕೊಂಡ, ಆಮೇಲೆ ಒಪ್ಪಿದ. ಡಿಸೆಂಬರಿನಲ್ಲಿ ಕ್ಯಾಸೆಟ್ ಬಂತು. ಹೆಚ್ಚೇನೂ ಮಾರಾಟವಾಗಲಿಲ್ಲ. ರೈಲ್ವೆ ಕಾಲೊನಿಯವರು ಕೆಲವರು ಕೊಂಡರು. ನೇಕಾರರ ಬೀದಿಯ ಹೆಂಗಸರು ಇನ್ನೂ ಕೆಲವರು ಮಕ್ಕಳನ್ನು ಬೇರೆ ಅಂಗಡಿಗೆ ಕಳಿಸುವ ನೆಪದಲ್ಲಿ ತರಿಸಿಕೊಂಡರು. ಮೊದಲ ಪ್ರತಿ ಮರಿಯಪುಷ್ಪಂಳ ಮಡಿಲಲ್ಲಿ ಕೂತು ವಾಲ್ಪಾರೈ ಬಸ್ಸು ಹತ್ತಿತು. ಕ್ರಿಸ್‌ಮಸ್ ಕಳೆದು ಕೆಲಸದ ಮೇಲೆ ಕೊಯಮತ್ತೂರಿಗೆ ಬಂದ ಸ್ಟೆಲ್ಲಾ, "ಅಮ್ಮ ಅದನ್ನ ಜೋರಾಗಿ ಹಾಕ್ತಾಳೆ ಅತ್ತೆ. ಎಸ್ಟೇಟ್ ಕೂಲಿಗಳ ಲೈನ್‌ಮನೆಯವರೆಲ್ಲ ಬಾಗಿಲಿಗೆ ಬಂದು ನಿಲ್ತಾರೆ," ಎಂದಳು.

ಸೊಸೈಟಿಯಿಂದ ನೂಲು ಬರುವುದು ತಡವಾಯಿತು, ಆಮೇಲೆ ನಿಂತಿತು. ಮೈಲ್‌ಸಾಮಿ ತಿರುಪ್ಪೂರಿನ ಒಬ್ಬ ವ್ಯಾಪಾರಿಯಿಂದ ತಂದು ನೇಯ್ದ. ತೈ ಹಬ್ಬಕ್ಕೆ ಕರೆ ಬರಲಿಲ್ಲ.

ಹಬ್ಬದ ಬೆಳಿಗ್ಗೆ ಪೆರಿಯನಾಯಕಿ ತಲೆಗೆ ಸ್ನಾನ ಮಾಡಿ, ಕೈಮಗ್ಗದ ಹೊಸ ಸೀರೆ ಉಟ್ಟು, ಮಗ ಸೊಸೆಯ ಜೊತೆ ದೇವಸ್ಥಾನಕ್ಕೆ ಹೊರಟಳು. ಬೀದಿಯ ತಿರುವಿನಲ್ಲೇ ತನ್ನ ದನಿ ಕೇಳಿಸಿತು. ಅವಳ ಬದಲಿಗೆ ಹಾಡಬಲ್ಲವರು ಸಿಗದೆ ಸಮಿತಿಯವರು ಅವಳದೇ ಹಳೆಯ ಅಮ್ಮನ ಕ್ಯಾಸೆಟ್ಟನ್ನು ಲೌಡ್‌ಸ್ಪೀಕರಿಗೆ ಹಾಕಿದ್ದರು. ಅವಳು ನೇರವಾಗಿ ಒಳಗೆ ನಡೆದು, ಗರ್ಭಗುಡಿಯ ಎದುರು ಹೆಂಗಸರ ನಡುವೆ ನಿಂತಳು. ಚೆನ್ನಕೇಶವನ್ ಕಂಬದ ಬಳಿ ಇದ್ದ.

"ಕೇಶವಾ," ಎಂದಳು ಎಲ್ಲರಿಗೂ ಕೇಳುವಂತೆ, "ಆ ಪೆಟ್ಟಿಗೆ ನಿಲ್ಸೋಕೆ ಹೇಳು. ಹಾಡೋಳು ಬಂದಿದ್ದಾಳೆ."

ಯಾರೋ ಹೆಂಗಸರು ಕಿಸಕ್ಕೆಂದರು. ಚೆನ್ನಕೇಶವನ್ ಅಲುಗಲಿಲ್ಲ. ಮೈಕ್‌ಸೆಟ್ಟಿನವನು ಅವನನ್ನೊಮ್ಮೆ, ಇವಳನ್ನೊಮ್ಮೆ ನೋಡಿ, ತಾನೇ ಗುಂಡಿ ಒತ್ತಿ ನಿಲ್ಲಿಸಿದ. ಪೆರಿಯನಾಯಕಿ ಮೈಕಿಲ್ಲದೆ ಚೌಡಮ್ಮನನ್ನು ಕರೆಯುವ ಮೊದಲ ಹಾಡನ್ನು ಪೂರ್ತಿ ಹಾಡಿದಳು. ಉಸಿರು ತೆಗೆದುಕೊಂಡು, ಅದೇ ಶ್ರುತಿಯಲ್ಲಿ, ಕೊಟ್ಟಿಗೆಯಲ್ಲಿ ಹೆತ್ತವಳ ಹಾಡನ್ನು ಎತ್ತಿಕೊಂಡಳು.

"ಅಕ್ಕಾ, ನಿಲ್ಸು," ಎಂದ ಚೆನ್ನಕೇಶವನ್.

ಅವಳು ನಿಲ್ಲಿಸಲಿಲ್ಲ. ಕೆಲವರು ಎದ್ದು ಹೋದರು. ಅವನೂ ಹೋದ. ಪೂಜಾರಿ ಆರತಿ ತಟ್ಟೆ ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತ. ಉಳಿದ ಹೆಂಗಸರು, ಹೆತ್ತವರು, ಹೆತ್ತು ಕಳಕೊಂಡವರು, ಕದಲಲಿಲ್ಲ. "ನೋವು ನಿಂದು, ನಾಚಿಕೆ ಊರಿಂದು" ಎಂಬ ಸಾಲು ಎರಡನೇ ಸಲ ಬಂದಾಗ ಈಶ್ವರಿ ದನಿಗೂಡಿಸಿದಳು. ಮೂರನೇ ಸಲಕ್ಕೆ ಇನ್ನೂ ಹಲವರು. ಪೂಜಾರಿ ಕರ್ಪೂರ ಹಚ್ಚಿದ.

ಮುಂದಿನ ವರ್ಷವೂ ಸಮಿತಿ ಅವಳನ್ನು ಕರೆಯಲಿಲ್ಲ. ಅವಳು ಕರೆಯಿಲ್ಲದೆಯೇ ಹೋದಳು. ಹೆಂಗಸರು ಅವಳಿಗೆಂದು ಮುಂದೆ ಜಾಗ ಬಿಟ್ಟು ಕೂತಿದ್ದರು.