ಚಿಟ್ಟೆಯ ಮೂರನೇ ಮೀಸೆ

ಅಂಕಿ ಒಗಟಿನ ಕೊನೆಯ ನಾಲ್ಕು ಮನೆಗಳನ್ನು ತಾನು ಊಹೆಯ ಮೇಲೆ ತುಂಬಿದ್ದು ಎಂಬುದನ್ನು ಅವಳು ದಿನಚರಿಯಲ್ಲಿ ಕೂಡ ಬರೆಯಲಿಲ್ಲ. ಇಸ್ತ್ರಿಯಾದ ಅಂಗಿಗೆ ಗುಂಡಿ ಹಾಕುತ್ತ, ತುಟಿ ಅಲ್ಲಾಡದ ಹಾಗೆ, ತನಗೆ ತಾನೇ ಒಪ್ಪಿಕೊಂಡಳು: ಅಲ್ಲಿ ನಾಲ್ಕು ಯಾಕೆ ಬಂತು ಅಂತ ನಂಗೆ ಗೊತ್ತಿಲ್ಲ.

ಗೊತ್ತಿಲ್ಲದೆಯೂ ಗೆದ್ದುಬಿಟ್ಟಿದ್ದಳು. ಈಗ ಗಂಟಲಿಗೆ ಸಿಕ್ಕ ಮುಳ್ಳು ಅದೇ.

ಅವಳಿದ್ದದ್ದು ಫೋನಿನೊಳಗಿನ ಒಂದು ಬಳಗದಲ್ಲಿ. ಅಂಕಿ ಒಗಟಿನ ಹುಚ್ಚಿನವರೆಲ್ಲ ಅಲ್ಲಿ ಅಡ್ಡಹೆಸರಿನಲ್ಲೇ ಪರಿಚಿತರು. ಇವಳು 'ಮೂಲೆಮನೆ'. ಒಗಟು ಕಟ್ಟುವ ಹಿರಿಯರನ್ನು ಎಲ್ಲರೂ ದೊಡ್ಡಪ್ಪ ಅನ್ನುತ್ತಿದ್ದರು. ಆಟ ಸರಳ: ಚೌಕದ ಯಾವ ಸಾಲಿನಲ್ಲೂ, ಯಾವ ಕಂಬದಲ್ಲೂ, ಒಳಗಿನ ಯಾವ ಪುಟ್ಟ ಚೌಕದಲ್ಲೂ ಒಂದು ಅಂಕಿ ಎರಡು ಸಲ ಬರಕೂಡದು. ಉತ್ತರ ಒಂದೇ ಇರಬೇಕು. "ನನ್ನ ಒಗಟಿಗೆ ದಾರಿ ಹತ್ತು ಇರಬಹುದು, ಊರು ಮಾತ್ರ ಒಂದೇ" ಎಂಬುದು ದೊಡ್ಡಪ್ಪನ ಜಂಬದ ಮಾತು.

ಈ ಸಲದ್ದು ವರ್ಷದ ಸ್ಪರ್ಧೆ. ಸರಿಯುತ್ತರವನ್ನು ಎಲ್ಲರಿಗಿಂತ ಮೊದಲು ಕಳಿಸಿದವರಿಗೆ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಒಗಟು ಕಟ್ಟಿಕೊಡುವ ಕೆಲಸವೇ ಬಹುಮಾನ. ಪತ್ರಿಕೆಯ ಸಂಪಾದಕಿಯೂ ಬಳಗದವರೇ. ಪದವಿ ಮುಗಿಸಿ ಮನೆಯವರ ಲಾಂಡ್ರಿಯಲ್ಲಿ ಬಟ್ಟೆಗೆ ಚೀಟಿ ಕಟ್ಟುತ್ತಿದ್ದವಳಿಗೆ, ಬಾಯಿ ತೆರೆಯದೆ ಮಾಡಬಹುದಾದ ಇಷ್ಟು ಚೆಂದದ ಕೆಲಸ ಲೋಕದಲ್ಲಿ ಇನ್ನೊಂದಿರಲಿಲ್ಲ.

ಆದರೆ ಬಳಗದಲ್ಲೊಂದು ಪದ್ಧತಿ. ಗೆದ್ದವರು ಭಾನುವಾರ ಮಧ್ಯಾಹ್ನ ಎಲ್ಲರೂ ಕೇಳುವಂತೆ ಮಾತಾಡಿ, ಯಾವ ಅಂಕಿ ಎಲ್ಲಿಗೆ ಯಾಕೆ ಬಂತೆಂದು ವಿವರಿಸಬೇಕು. ಬರೆದು ಕಳಿಸಿದರೆ ನಡೆಯದು.

"ಇವಳು ವಿವರಿಸೋದಾ?" ಅಮ್ಮ ನಕ್ಕಳು. "ಗಿರಾಕಿ ಬಂದ್ರೆ ಬೆರಳಲ್ಲೇ ತೋರಿಸ್ತಾಳೆ. ಬಾಯಲ್ಲಿ ಮುತ್ತಿಟ್ಕೊಂಡಿದಾಳೋ ಏನೋ, ತೆಗೆದ್ರೆ ಬಿದ್ದುಹೋಗತ್ತೆ ಅಂತ."

"ಸುಮ್ನಿರಿ ಅತ್ತೆ. ಅವಳು ಗೆದ್ದಿದಾಳೆ, ನೀವಲ್ಲ," ಅತ್ತಿಗೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ನಾದಿನಿಯ ಕಡೆ ತಿರುಗಿದಳು. "ನೀನು ಎರಡು ಮಾತಾಡಿ ಬಹುಮಾನ ಹಿಡ್ಕೊಂಡು ಬಾ. ಅಷ್ಟೇ ತಾನೆ?"

ಅಷ್ಟೇ ಆಗಿದ್ದರೆ ಅವಳಿಗೆ ನಿದ್ದೆಯಾದರೂ ಬರುತ್ತಿತ್ತು. ಇವಳಿಗಿಂತ ಮೊದಲೇ ಒಬ್ಬರು ಉತ್ತರ ಕಳಿಸಿದ್ದರು. ಆಸ್ಪತ್ರೆಯಲ್ಲಿ ಪಾಳಿ ಮಾಡುವ ಅವರನ್ನು ಬಳಗ ನರ್ಸಕ್ಕ ಅನ್ನುತ್ತಿತ್ತು. ಅವರ ಚೌಕವೂ ಇವಳದೂ ಒಂದೇ. ಬೇರೆಯಾಗಿದ್ದದ್ದು ಆ ನಾಲ್ಕು ಮನೆ ಮಾತ್ರ: ಇವಳು ನಾಲ್ಕು ಬರೆದಲ್ಲಿ ಅವರದು ಒಂಬತ್ತು, ಇವಳ ಒಂಬತ್ತಿದ್ದಲ್ಲಿ ಅವರದು ನಾಲ್ಕು. ದೊಡ್ಡಪ್ಪ ತಪ್ಪೆಂದು ಸಾರಿದ್ದೇ ತಡ, ಬಳಗದ ತುಂಟರು ಎದ್ದುಕೂತರು. 'ನರ್ಸಕ್ಕ, ಆ ರೋಗಿಯ ಮಾತ್ರೆ ಈ ರೋಗಿಗೆ ಕೊಟ್ರಾ?' 'ನಿಮ್ಮ ವಾರ್ಡಿಗೆ ನಾನಂತೂ ಬರಲ್ಲಪ್ಪ!' ನರ್ಸಕ್ಕ ಒಂದೇ ಸಾಲು ಬರೆದಿದ್ದರು: 'ಎಲ್ಲಿ ತಪ್ಪಿದೆ ಅಂತ ಹೇಳಿದ್ರೆ ಕಲಿತ್ಕೋತೀನಿ.'

ಎಲ್ಲಿ ತಪ್ಪಿದರು? ಶನಿವಾರ ಬೆಳಗಿನಿಂದ ಅವಳು ಹುಡುಕಿದ್ದು ಅದನ್ನೇ. ಕೋಟುಗಳಿಗೆ ಚೀಟಿ ಕಟ್ಟುವಾಗಲೂ ಚೌಕ ಕಣ್ಣೆದುರೇ. ನಾಲ್ಕು ಒಂಬತ್ತನ್ನು ಅದಲುಬದಲು ಮಾಡಿ ನೋಡಿದಳು. ಸಾಲು ಸರಿ, ಕಂಬ ಸರಿ, ಪುಟ್ಟ ಚೌಕಗಳೂ ಸರಿ. ತನ್ನ ತಲೆಯೇ ಮೊಂಡು ಎಂದುಕೊಂಡು ಮತ್ತೆ ಮೊದಲಿನಿಂದ ಬಿಡಿಸಿದಳು. ಮತ್ತೆ ಅಲ್ಲೇ ಬಂದು ನಿಂತಿತು, ಬಾಗಿಲಿಲ್ಲದ ಗೋಡೆಯ ಮುಂದೆ.

ಆಗ ಕೈಯಲ್ಲಿದ್ದ ಕೋಟಿನ ಒಂದು ಗುಂಡಿ ಕಿತ್ತುಹೋಗಿದ್ದು ಕಂಡು, ದೊಡ್ಡಪ್ಪ ಸ್ಪರ್ಧೆಯ ದಿನ ಬರೆದದ್ದು ನೆನಪಾಯಿತು. ಅವರಿಗೆ ಒಗಟು ಗಟ್ಟಿಯಾಗಿದ್ದರೆ ಸಾಲದು, ನೋಡಲೂ ಚೆಂದವಿರಬೇಕು. ಮೊದಲೇ ತುಂಬಿಕೊಡುವ ಅಂಕಿಗಳನ್ನು ಒಮ್ಮೆ ಹೂವಿನಂತೆ, ಒಮ್ಮೆ ದೋಣಿಯಂತೆ ಜೋಡಿಸುತ್ತಿದ್ದರು. ಈ ಸಲ ಚಿಟ್ಟೆ. 'ಒಂದು ಅಂಕಿ ಹೆಚ್ಚಾಗಿ ಚಿಟ್ಟೆಗೆ ಮೂರನೇ ಮೀಸೆ ಬಂದಂಗಿತ್ತು, ಕೊನೇ ಗಳಿಗೇಲಿ ಕಿತ್ತು ಹಾಕಿದೆ' ಎಂದು ಬೀಗಿದ್ದರು. ಅವಳು ಚಿಟ್ಟೆಯ ತಲೆಯನ್ನು ಹುಡುಕಿದಳು. ಎರಡು ಮೀಸೆಗಳ ನಡುವೆ ಖಾಲಿ ಬಿದ್ದಿದ್ದು ಆ ನಾಲ್ಕು ಮನೆಗಳಲ್ಲೊಂದು.

ನಾಲ್ಕೇ ಬರಬೇಕೆನ್ನಲು ಕಾರಣವಾಗಿದ್ದ ಅಂಕಿ ಮೊದಲು ಅಲ್ಲೇ ಇತ್ತು. ಚೆಂದಕ್ಕೆ ಅಡ್ಡಿಯಾಯಿತೆಂದು ದೊಡ್ಡಪ್ಪನೇ ಕಿತ್ತಿದ್ದರು. ಒಗಟಿಗೀಗ ಎರಡು ಊರು. ನರ್ಸಕ್ಕನ ಊರೂ ಸರಿ. ಸರಿಯೆಂದಮೇಲೆ ಮೊದಲು ಮುಟ್ಟಿದವರು ಅವರೇ. ಕೆಲಸವೂ ಅವರದೇ.

ಹೇಳಿದರೆ ಕೆಲಸ ಹೋಯಿತು, ದೊಡ್ಡಪ್ಪನ ಮರ್ಯಾದೆಯೂ ತುಂಬಿದ ಸಭೆಯಲ್ಲಿ ಹೋಯಿತು. ಸುಮ್ಮನಿರುವುದೋ? ಅದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಒಂದು ಸುಳ್ಳು ಕಾರಣವನ್ನೂ ಹೊಸೆದಿದ್ದಳು. ಮೇಲಿನ ಸಾಲಿನಿಂದ ಶುರುವಾಗಿ ಮೂರು ಕಂಬ ಸುತ್ತಿ ಬರುವ ಉದ್ದನೆಯ ವಾದ. ಇಳಿಮಧ್ಯಾಹ್ನದ ತೂಕಡಿಕೆಯಲ್ಲಿ ಯಾರೂ ತಡೆದು ಕೇಳಲಾರರು.

ಕರೆ ಬಂದಾಗ ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ, ಪ್ಲಾಸ್ಟಿಕ್ ಹೊದ್ದು ತೂಗುತ್ತಿದ್ದ ಸೂಟುಗಳ ನಡುವೆ ಕೂತಿದ್ದಳು. ಬಾಗಿಲ ಸಂದಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಅತ್ತಿಗೆಯ ಸೆರಗು ಕಾಣುತ್ತಿತ್ತು.

"ಮೂಲೆಮನೆ ಬಂದಿದಾಳೋ ಇಲ್ವೋ?" ದೊಡ್ಡಪ್ಪನ ಧ್ವನಿ ಅವಳೆಣಿಸಿದ್ದಕ್ಕಿಂತ ಮುದಿಯಾಗಿತ್ತು. "ಮಾತಾಡಮ್ಮ. ಇಲ್ಲಿರೋದು ಹುಲಿ ಅಲ್ಲ, ಹಲ್ಲುದುರಿದ ಮುದುಕ."

ಎಲ್ಲರೂ ನಕ್ಕರು. ಅವಳು ಹೇಗೋ ಬಾಯಿ ತೆರೆದಳು. ಮೊದಲ ಮಾತುಗಳು ತಡವರಿಸಿದವು, ಆಮೇಲೆ ಅಂಕಿಗಳೇ ಅವಳನ್ನು ಕೈ ಹಿಡಿದು ನಡೆಸಿದವು. ಎಡಮೂಲೆಯಿಂದ ಹೊರಟು ಮನೆಯಿಂದ ಮನೆಗೆ ಬಂದಳು. ಸಂಪಾದಕಿ "ಎಷ್ಟು ಬಿಡಿಸಿ ಹೇಳ್ತೀಯೇ, ಮಕ್ಕಳಿಗೆ ಇದೇ ಬೇಕಾಗಿದ್ದು" ಅಂದರು.

"ಸರಿ, ಈಗ ಗಂಟು ಬಿಚ್ಚು," ದೊಡ್ಡಪ್ಪ ಹುರುಪಿನಿಂದ ಅಂದರು. "ಚಿಟ್ಟೆಯ ತಲೇಲಿ ನಾಲ್ಕು ಯಾಕೆ? ನಮ್ಮ ನರ್ಸಕ್ಕ ಎಡವಿದ್ದು ಅಲ್ಲೇ ನೋಡು."

"ಅಕ್ಕ, ಕೇಳಿಸ್ಕೊಳ್ಳಿ, ಮತ್ತೆ ಮಾತ್ರೆ ಬದಲಾಯಿಸ್ಬೇಡಿ!" ಯಾರೋ ಕಿಸಕ್ಕೆಂದರು.

"ಕೇಳ್ತಾ ಇದೀನಪ್ಪ," ಅಂದಿತು ಒಂದು ದಣಿದ ಹೆಣ್ಣುದನಿ. "ಅದಕ್ಕೇ ಊಟ ಬಿಟ್ಟು ಕೂತಿದೀನಿ. ಹೇಳಮ್ಮ, ನಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ಲ."

ಹೊಸೆದಿಟ್ಟ ವಾದ ನಾಲಿಗೆಯ ತುದಿಯಲ್ಲೇ ಇತ್ತು. 'ಮೇಲಿನ ಸಾಲು ನೋಡಿ' ಅಂದರೆ ಸಾಕು, ಉಳಿದದ್ದು ತಾನಾಗಿ ಹರಿದುಬರುತ್ತಿತ್ತು. ಆ ಅಕ್ಕ ಅದನ್ನು ನಂಬಿ, ತನ್ನ ದಡ್ಡತನವೆಂದುಕೊಂಡು ಊಟಕ್ಕೆ ಏಳುತ್ತಿದ್ದರು. ಅವಳು ಉಸಿರೆಳೆದುಕೊಂಡಳು. ಪ್ಲಾಸ್ಟಿಕ್ ಹೊದಿಕೆಗಳು ಸರಪರ ಅಂದವು.

"ಏನಮ್ಮಾ, ಲೈನ್ ಹೋಯ್ತಾ?"

"ಇಲ್ಲ ದೊಡ್ಡಪ್ಪ, ಇದೀನಿ," ಅಂದಳು. ಬಾಗಿಲಾಚೆ ಇಸ್ತ್ರಿಯ ಸದ್ದು ನಿಂತಿತು. "ಅಲ್ಲಿ ನಾಲ್ಕೇ ಬರ್ಬೇಕು ಅನ್ನೋಕೆ ಕಾರಣ ಇಲ್ಲ. ನಾನು ಊಹೆ ಮಾಡಿ ಬರೆದೆ. ಅಕ್ಕನ ಉತ್ತರಾನೂ ಸರಿ, ನನಗಿಂತ ಮೊದ್ಲು ಬಂದಿದ್ದೂ ಅವರದೇ."