ಐವತ್ತರೊಳಗ

ಇನ್ನ ಮ್ಯಾಲ ಎಂಥಾ ಅವಸರ ಇದ್ರೂ ಗಾಡಿ ಐವತ್ತರ ಮ್ಯಾಲ ಹೊಡಿಯೂದಿಲ್ಲ ಅಂತ ಯಮನೂರ ತನ್ನ ಅತ್ತೆ ಚಂದವ್ವನಿಗೆ ಮಾತು ಕೊಟ್ಟಿದ್ದು ಗೋಪಪ್ಪ ಸತ್ತ ಮೂರನೆಯ ದಿನ. ಬರೀ ಬಾಯಿಮಾತಲ್ಲ. ಆಕೆ ದೇವರ ಜಗಲಿಯ ಮೇಲಿನ ಬಟ್ಟಲು ತಂದು ಅವನ ಮುಂದಿಟ್ಟಿದ್ದಳು. ಅವನು ಅದರೊಳಗಿನ ಭಂಡಾರ ಮುಟ್ಟಿ, ಆ ಅರಿಸಿನದ ಪುಡಿಯನ್ನು ಹಣೆಗೆ ಹಚ್ಚಿಕೊಂಡು ಹೇಳಿದ್ದ. ಭಂಡಾರ ಮುಟ್ಟಿ ಆಡಿದ ಮಾತು ತಪ್ಪಿದರೆ ಅದು ಆಡಿದವನಿಗೆ ತಟ್ಟುವುದಿಲ್ಲ, ಅವನ ಮಕ್ಕಳಿಗೆ ತಟ್ಟುತ್ತದೆ ಅನ್ನುವುದು ಅವರ ಮಂದಿಯಲ್ಲಿ ಕೂಸಿಗೂ ಗೊತ್ತು. ಯಮನೂರನಿಗೆ ಆಗ ಒಬ್ಬಳೇ ಮಗಳು, ಎರಡು ವರ್ಷದ ಶ್ವೇತಾ. ಮುಂದೆಯೂ ಒಬ್ಬಳೇ ಉಳಿದಳು.

ಗೋಪಪ್ಪ ಚಂದವ್ವನ ಹಿರಿಯ ಮಗ, ಯಮನೂರನ ಹೆಂಡತಿ ಸಾವಂತ್ರೆವ್ವನ ಅಣ್ಣ. ಇಬ್ಬರೂ ಗೋವಾದಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದರು. ಗಣಿಯಿಂದ ಹೊಳೆದಂಡೆಯ ಜೆಟ್ಟಿಗೆ, ಜೆಟ್ಟಿಯಿಂದ ಗಣಿಗೆ. ಎಷ್ಟು ಟ್ರಿಪ್ಪೋ ಅಷ್ಟು ಪಗಾರ, ಹಾಗಾಗಿ ಅದು ಡ್ರೈವಿಂಗ್ ಅಲ್ಲ, ಜಿದ್ದು. ಆ ದಿನ ಸಾವರ್ಡೆ ರಸ್ತೆಯಲ್ಲಿ ಯಮನೂರ ಹಾರ್ನ್ ಹೊಡೆದು, ಕಿಡಕಿಯಿಂದ ಕೈ ಬೀಸಿ ನಕ್ಕು, ಗೋಪಪ್ಪನನ್ನು ಹಿಂದೆ ಹಾಕಿದ. ಜೆಟ್ಟಿಯಲ್ಲಿ ಪಾಳಿ ಹಚ್ಚಿ ಚಹಾ ಕುಡಿದ. ಎರಡನೆಯ ಚಹಾನೂ ಕುಡಿದ. ಹಿಂದಿನ ಗಾಡಿ ಬರಲೇ ಇಲ್ಲ. ಬೆನ್ನು ಹತ್ತಲು ಹೋಗಿ ತಿರುವಿನಲ್ಲಿ ಅದಿರಿನ ಸಮೇತ ಮಗುಚಿ ಬಿದ್ದಿತ್ತು.

ಚಂದವ್ವ ‘ನೀ ಕೊಂದಿ’ ಅನ್ನಲಿಲ್ಲ. ಬಟ್ಟಲು ತಂದಿಟ್ಟಳು, ಅಷ್ಟೆ.

ಯಮನೂರ ಟಿಪ್ಪರ್ ಬಿಟ್ಟ. ಐವತ್ತರ ಮೇಲೆ ಓಡಿಸದ ಡ್ರೈವರನನ್ನು ಯಾರು ಇಟ್ಟುಕೊಂಡಾರು? ಎರಡು ವರ್ಷ ಮಡಗಾಂವದ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತ. ಕೊನೆಗೆ ಅವನ ನಿಧಾನವನ್ನೇ ಮೆಚ್ಚುವ ಧಣಿ ಸಿಕ್ಕ. ಹಲ್ಲಿನ ಡಾಕ್ಟರ್ ಮಿನೆಝಿಸ್. ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಮನೆ ಮಡಗಾಂವದಲ್ಲಿ, ದವಾಖಾನೆ ಪಣಜಿಯಲ್ಲಿ. ದಿನಾ ಹೋಗಬೇಕು, ದಿನಾ ಬರಬೇಕು. ಜೋರಾಗಿ ಓಡಿಸಿದರೆ ಆತನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಯಮನೂರನಿಗೆ ಆತ ಕೊಂಕಣಿಯಲ್ಲಿ ‘ಸಾವಕಾಸ್’ ಅಂತಲೇ ಹೆಸರಿಟ್ಟಿದ್ದ.

ಎರಡು ಸಾವಿರದ ಒಂಬತ್ತರಲ್ಲಿ ಡಾಕ್ಟರ್ ಹೈಬ್ರಿಡ್ ಗಾಡಿ ತಂದ. ಪೆಟ್ರೋಲಿನ ಇಂಜಿನ್ನೂ ಇದೆ, ಬ್ಯಾಟರಿಯ ಮೋಟರೂ ಇದೆ. ಮೊದಲ ದಿನವೇ ಯಮನೂರನ ಮರ್ಯಾದೆ ಹೋಯಿತು. ಸಿಗ್ನಲ್ಲಿನಲ್ಲಿ ನಿಂತಿದ್ದೇ ತಡ, ಇಂಜಿನ್ ಗಪ್ ಆಯಿತು. ಸತ್ತೇ ಹೋಯಿತು ಅಂದುಕೊಂಡು ಇಳಿದು ಬಾನೆಟ್ ಎತ್ತಿದ. ಹಿಂದಿನ ಬಸ್ಸಿನವರೆಲ್ಲ ಹಾರ್ನ್ ಹೊಡೆದರು. ಡಾಕ್ಟರ್ ಒಳಗೆ ಕೂತು ಹೊಟ್ಟೆ ಹಿಡಿದು ನಗುತ್ತಿದ್ದ.

“ಬಾ ಒಳಗೆ, ಸಾವಕಾಸ್! ಅದು ಸತ್ತಿಲ್ಲ. ಕೆಲಸ ಇಲ್ಲದಾಗ ಸುಮ್ಮನಿರುತ್ತೆ. ನಿನಗಿಂತ ಶಾಣೆ.”

ಲೀಟರಿಗೆ ಗಾಡಿಯ ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರು ಮಾತ್ರ ಬರಲೊಲ್ಲದು. ಪುಸ್ತಕ ಇಪ್ಪತ್ತು ಅಂದರೆ ಗಾಡಿ ಹದಿನಾಲ್ಕು ಅನ್ನುತ್ತಿತ್ತು. ಡಾಕ್ಟರ್ ಒಂದು ವಾರ ಮುಂದಿನ ಸೀಟಿನಲ್ಲಿ ಕೂತು ಕಾಯ್ದ. ಕೊರ್ತಾಳಿಯ ಇಳಿಜಾರಿನಲ್ಲಿ ಕಳ್ಳ ಸಿಕ್ಕ. ಯಮನೂರ ಇಳಿಜಾರು ಬಂದ ಕೂಡಲೇ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಉರುಳಿಬಿಡುತ್ತಿದ್ದ. ಟಿಪ್ಪರಿನವರ ಹಳೇ ಚಾಳಿ ಅದು. ಹಾಗೆ ಉಳಿದ ಡೀಸೆಲ್ಲು ಡ್ರೈವರನ ಪಾಲು.

“ಏನು ಮಾಡಾಕತ್ತೀಯೋ ಮಾರಾಯಾ?” ಡಾಕ್ಟರ್ ಅವನ ಭಾಷೆಯನ್ನೇ ಅಣಕಿಸಿ ಕೇಳಿದ. “ಇಳಿಜಾರಿನಲ್ಲಿ ಗಾಲಿ ತಿರುಗಿಯೇ ಬ್ಯಾಟರಿ ತುಂಬೋದು. ನೀನು ನ್ಯೂಟ್ರಲ್ಲಿಗೆ ಹಾಕಿದ್ರೆ ಬಿಂದಿಗೆಯನ್ನ ನಲ್ಲಿಯಿಂದ ಆಚೆ ಹಿಡಿದಂಗಾಯ್ತು.”

ಅಂದಿನಿಂದ ಯಮನೂರ ಹೊಸದಾಗಿ ಕಲಿತ. ಹೊರಡುವಾಗ ಕಾಲಿನ ಕೆಳಗೆ ಮೊಟ್ಟೆ ಇದ್ದಂಗೆ ಒತ್ತಬೇಕು. ವೇಗ ಬಂದ ಮೇಲೆ ಕಾಲೆತ್ತಿ, ಮತ್ತೆ ಇಷ್ಟೇ ಇಷ್ಟು ಇಟ್ಟರೆ ಗಾಡಿ ತೇಲುತ್ತದೆ. ಮುಂದಿನ ಬಸ್ಸು ನಿಲ್ಲುವುದನ್ನು ಬಸ್ಸಿಗಿಂತ ಮೊದಲು ತಾನು ತಿಳಿದು ದೂರದಿಂದಲೇ ಬ್ರೇಕನ್ನು ಮೆಲ್ಲಗೆ, ಉದ್ದಕ್ಕೆ ಒತ್ತಬೇಕು. ಗಕ್ಕನೆ ಒತ್ತಿದರೆ ಬ್ಯಾಟರಿಗೆ ಹೋಗಬೇಕಾದ ಶಕ್ತಿ ಬ್ರೇಕಿನಲ್ಲೇ ಸುಟ್ಟು ಹೋಗುತ್ತದೆ. ಸೋಮವಾರಕ್ಕೊಮ್ಮೆ ಗಾಲಿಯ ಗಾಳಿ. ತಣ್ಣಗಿದ್ದ ಇಂಜಿನ್ನು ಹೆಚ್ಚು ಕುಡಿಯುತ್ತದೆ, ಆದ್ದರಿಂದ ಮೀನು, ಪಾವು, ಔಷಧಿ ಎಲ್ಲ ಒಂದೇ ಸುತ್ತಿನಲ್ಲಿ. ಮೂರು ತಿಂಗಳಲ್ಲಿ ಸರಾಸರಿ ಇಪ್ಪತ್ತೊಂದಕ್ಕೆ ಬಂತು. ಡಾಕ್ಟರ್ ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ಐವತ್ತರೊಳಗೆ ಓಡಿಸುವುದನ್ನು ಶಿಕ್ಷೆ ಅಂದುಕೊಂಡಿದ್ದ ಯಮನೂರನಿಗೆ ಈಗ ಅದೊಂದು ವಿದ್ಯೆಯಾಯಿತು.

ಯಮನೂರ ಇರುತ್ತಿದ್ದದ್ದು ಮಡಗಾಂವದ ಮೋತಿ ಡೊಂಗರ ಅನ್ನುವ ಗುಡ್ಡದ ಮೇಲೆ. ಅವನ ನೆರೆಮನೆಯ ಶಹಾಬುದ್ದೀನ ಬಾಡಿಗೆ ಟ್ಯಾಕ್ಸಿ ಹೊಡೆಯುವವ. ನಲ್ಲಿಯ ಹತ್ತಿರ ದಿನಾ ಒಂದು ಮಾತು ಚುಚ್ಚದೆ ಬಿಡುತ್ತಿರಲಿಲ್ಲ.

“ಯಮನೂರ, ನಿನ್ನೆ ವೆರ್ಣಾದಾಗ ನಿನ್ನ ಗಾಡಿ ಕಂಡ್ನಪಾ. ಒಂದು ಮುದುಕಿ ನಡಕೋತ ನಿನ್ನ ಹಿಂದ ಹಾಕಿ ಹೋತು.”

“ಮುದುಕಿ ಪೆಟ್ರೋಲ್ ಕುಡಿಯೂದಿಲ್ಲಲೇ. ನಂದೂ ಕುಡಿಯೂದಿಲ್ಲ.”

ಹೀಗೆ ನಗುನಗುತ್ತ ಎರಡು ವರ್ಷ ಹೋದವು. ಶ್ವೇತಾಳಿಗೆ ಹತ್ತು ತುಂಬಿತು.

ಆ ಗುರುವಾರ ಡಾಕ್ಟರಿಗೆ ದವಾಖಾನೆ ಇರಲಿಲ್ಲ. ಯಮನೂರ ಗಾಡಿ ಒರೆಸುತ್ತಿದ್ದ. ಹನ್ನೊಂದರ ಸುಮಾರಿಗೆ ಫೋನ್ ಬಂತು. ಚಂದವ್ವನ ಕಿರಿಯ ಮಗ ಮಾಂತೇಶ. ಅವನು ಪಣಜಿಯ ಆಚೆಗಿನ ಮ್ಹಾಪಸಾದಲ್ಲಿರುತ್ತಿದ್ದ. ತಾಯಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಆಕೆ ಶುಕ್ರವಾರದ ಸಂತೆಯಲ್ಲಿ ಬಳ್ಳೊಳ್ಳಿ, ಒಣಮೆಣಸಿನಕಾಯಿ ಮಾರಲು ಹಚ್ಚುತ್ತಿದ್ದಳು. ನಾಲ್ಕು ದಿನದಿಂದ ಜ್ವರ ಅಂತ ಗೊತ್ತಿತ್ತು. ರವಿವಾರ ಹೋಗಿ ಬಂದರಾಯಿತು ಅಂತ ಇವರು ಸುಮ್ಮನಿದ್ದರು.

“ಮಾವಾ, ಯವ್ವ ಹೊಂಟಾಳ,” ಅಂದ ಮಾಂತೇಶ. “ಇಲ್ಲಿ ಡಾಕ್ಟರ್ ಕೈ ಚೆಲ್ಯಾನ. ಅಕ್ಕನ್ನ ಕರಕೊಂಡು ಲಗೂನ ಬಾ. ಯಾರ ನೀರ ಹಾಕಿದ್ರೂ ಬಾಯಿ ಬಿಡವೊಲ್ಲಳು. ‘ಸಾವಂತ್ರಿ, ಸಾವಂತ್ರಿ’ ಅನ್ನಾಕತ್ತಾಳ.”

ಕಡೆಯ ನೀರು ಮಗಳ ಕೈಯಿಂದ ಬಿದ್ದರೆ ಜೀವ ಹಗುರಾಗಿ ಹೋಗುತ್ತದೆ. ಇದ್ದ ಒಬ್ಬಳೇ ಮಗಳು ನಲವತ್ತೈದು ಕಿಲೋಮೀಟರ್ ದೂರದಲ್ಲಿದ್ದಳು.

ಯಮನೂರ ಕೇಳುವ ಮೊದಲೇ ಡಾಕ್ಟರ್ ಮಿನೆಝಿಸ್ ಕೈ ಬೀಸಿದ. “ಗಾಡಿ ತಗೊಂಡು ಹೋಗು. ಮತ್ತೆ ಕೇಳು, ಇವತ್ತು ಸಾವಕಾಸ್ ಬೇಡ. ಪೆಟ್ರೋಲ್ ಸುಟ್ಟು ಹಾಳಾಗಲಿ. ಜೋರಾಗಿ ಹೊಡಿ.”

ಸಾವಂತ್ರೆವ್ವ ಕಟ್ಟಡದ ಕೆಲಸದಿಂದ ಹಾಗೇ ಬಂದಳು. ಸೆರಗಿನ ತುಂಬ ಸಿಮೆಂಟು. ಆ ಗಾಡಿಯಲ್ಲಿ ಆಕೆ ಕೂತದ್ದು ಅದೇ ಮೊದಲು. ಸೀಟು ಹೊಲಸಾದೀತೆಂದು ತುದಿಗೆ ಕೂತಳು.

ನುವೆಂ ದಾಟಿತು. ವೆರ್ಣಾದ ಬಯಲು ಬಂತು. ಬಾಣ ಬಿಟ್ಟಂಥ ರಸ್ತೆ. ಗೋವಾದಲ್ಲಿ ಗಾಡಿ ಇದ್ದವರೆಲ್ಲ ಅಲ್ಲಿ ಎಂಬತ್ತು, ತೊಂಬತ್ತು ಹೊಡೆಯುತ್ತಾರೆ. ಯಮನೂರನ ಮುಂದೆ ಐವತ್ತು ಅಂತ ಹಸಿರು ಅಂಕಿ ಬೆಳಗುತ್ತಿತ್ತು. ಬಸ್ಸೊಂದು ಬುಸ್ಸೆಂದು ಮುಂದೆ ಹೋಯಿತು. ಅದರ ಹಿಂದೆ ಮೀನಿನ ಟೆಂಪೋ.

“ಮೀನಿನ ಗಾಡಿನೂ ಮುಂದ ಹೋತ್ರಿ,” ಅಂದಳು ಸಾವಂತ್ರೆವ್ವ.

ಅವನು ಗಾಡಿಯನ್ನು ಎಡಕ್ಕೆ ಸರಿಸಿ ಇನ್ನೊಂದು ಬಸ್ಸಿಗೆ ದಾರಿ ಬಿಟ್ಟ.

“ಜೋರ ಹೊಡೀರಿ.”

“ನಿನಗ ಗೊತ್ತೈತಿ, ಸಾವಂತ್ರಿ.”

“ಗೊತ್ತೈತಿ. ಬಟ್ಲಾ ಇಟ್ಟಾಗ ನಾನೂ ಅಲ್ಲೇ ಇದ್ನಿ. ಯವ್ವಗ ಕೊಟ್ಟ ಮಾತು, ಯವ್ವನ ಕಡೇನ ಹೊಂಟೇವಿ. ಆಕಿ ಬ್ಯಾಡ ಅಂತಾಳೇನು?”

“ಆಕಿ ಬ್ಯಾಡ ಅನ್ನೂದಿಲ್ಲ. ಭಂಡಾರ ಕೇಳಬೇಕಲ್ಲ.”

“ಭಂಡಾರಕ್ಕ ನಾ ಹೇಳತೇನಿ. ತಪ್ಪು ನನ್ನ ತಲಿ ಮ್ಯಾಲ ಬರಲಿ.”

“ನಿನ್ನ ತಲಿ ಮ್ಯಾಲ ಬರೂದಿಲ್ಲ. ಯಾರ ತಲಿ ಮ್ಯಾಲ ಬರತೈತಿ ಅಂತ ನಿನಗ ಗೊತ್ತಿಲ್ಲೇನು?”

ಆಕೆ ಸೀಟಿನ ತುದಿಯಿಂದ ಮುಂದಕ್ಕೆ ಬಾಗಿದಳು. ಆಮೇಲೆ ಯಾವತ್ತೂ ಇಲ್ಲದ ದನಿಯಲ್ಲಿ ಅಂದಳು: “ನಮ್ಮಣ್ಣನ್ನ ಹಿಂದ ಹಾಕಬೇಕಾದ್ರ ಎಷ್ಟು ಹೊಡದಿದ್ರಿ? ಆವತ್ತ ಕಾಲಿಗೆ ಜೋರಿತ್ತು. ಇವತ್ತ ಸತ್ತೈತೇನು?”

ಎಂಟು ವರ್ಷದಲ್ಲಿ ಆಕೆ ಒಮ್ಮೆಯೂ ಆಡದ ಮಾತು. ಯಮನೂರನ ಕಾಲು ತಾನೇ ಒತ್ತಿತು. ಇಂಜಿನ್ ಗುರ್ರೆಂದಿತು. ಐವತ್ತು ಇದ್ದದ್ದು ಐವತ್ತೊಂದಕ್ಕೆ ತಿರುಗುವ ಹೊತ್ತಿಗೆ ಅವನಿಗೆ ಬೆಳಿಗ್ಗೆ ಎರಡು ಜಡೆ ಹಾಕಿಸಿಕೊಂಡು, ಚೀಲ ಹೊತ್ತು, ಡೊಂಗರಿನ ಮೆಟ್ಟಿಲು ಇಳಿದು ಸಾಲೆಗೆ ಹೋದ ಶ್ವೇತಾ ಕಂಡಳು. ಸಾಲೆಯ ಮುಂದೆ ರಸ್ತೆ ಇದೆ. ರಸ್ತೆಯ ಮೇಲೆ ಟಿಪ್ಪರ್ ಬರುತ್ತವೆ. ಕಾಲು ಮೇಲೆದ್ದಿತು. ಅಂಕಿ ತಿರುಗಲೇ ಇಲ್ಲ.

ಸಾವಂತ್ರೆವ್ವ ಅದನ್ನೆಲ್ಲ ನೋಡಿದಳು. ಮತ್ತೆ ಕೇಳಲಿಲ್ಲ.

ಇನ್ನು ಅವನ ಹತ್ತಿರ ಇದ್ದದ್ದು ವಿದ್ಯೆಯೊಂದೇ. ಎಲ್ಲೂ ನಿಲ್ಲದಂತೆ ಓಡಿಸಿದ. ಕೊರ್ತಾಳಿಯ ಇಳಿಜಾರಿನಲ್ಲಿ ಒಂದು ಲಾರಿಯ ಹಿಂದೆ ಸಿಗಬೇಕಾದದ್ದನ್ನು ತಪ್ಪಿಸಿಕೊಂಡ. ಝುವಾರಿ ಸೇತುವೆಯ ಮೇಲೆ ಮಂದಿ ಬ್ರೇಕು ಒತ್ತಿ ಒತ್ತಿ ಮುಗ್ಗರಿಸುತ್ತಿದ್ದರೆ ಇವನ ಗಾಡಿ ಬ್ಯಾಟರಿಯ ಮೇಲೆ ಸಪ್ಪಳಿಲ್ಲದೆ ಹರಿದು ಹೋಯಿತು. ಅಷ್ಟು ಚೆಂದಾಗಿ ಅವನು ಯಾವತ್ತೂ ಗಾಡಿ ಓಡಿಸಿರಲಿಲ್ಲ. ಅದನ್ನು ನೋಡುವವರು ಯಾರೂ ಇರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಹೆಂಡತಿ ಬಾಟ್ಲಿಯ ಮುಚ್ಚಳವನ್ನು ತಿರುವುತ್ತ, ಹಾಕುತ್ತ, ಮತ್ತೆ ತಿರುವುತ್ತ ಕೂತಿದ್ದಳು. ಅದರಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮನೆಯಿಂದ ತಂದ ನೀರಿತ್ತು.

ಬಾಂಬೋಳಿಯಲ್ಲಿ ಮಾಂತೇಶನ ಫೋನು ಬಂತು. ಸಾವಂತ್ರೆವ್ವ ಎತ್ತಿದಳು. “ಎಲ್ಲಿಗಿ ಬಂದ್ರಿ?”

“ಬಂದ್ವಿ. ಯವ್ವ ಹ್ಯಾಂಗದಾಳ?”

“ಕಣ್ಣ ಬಾಗಲಾ ಕಡೆ ಇಟ್ಟಾಳ. ಲಗೂನ ಬಾ ಅಕ್ಕಾ.”

ಮಾಂಡೋವಿ ದಾಟಿದಾಗ ಇನ್ನೊಮ್ಮೆ ಬಂತು. ಪರ್ವರಿಯಲ್ಲಿ ಮತ್ತೊಮ್ಮೆ. ಗಿರಿ ಅನ್ನುವ ಊರಿನ ಗದ್ದೆಗಳ ನಡುವೆ ರಸ್ತೆ ಮತ್ತೆ ನೆಟ್ಟಗಾಯಿತು, ಖಾಲಿಯೂ ಇತ್ತು. ಯಮನೂರ ಕನ್ನಡಿಯಲ್ಲಿ ನೋಡಿದ. ಆಕೆ ನೋಡುತ್ತಿದ್ದದ್ದು ಮುಂದಿನ ಅಂಕಿಯನ್ನಲ್ಲ, ಅವನ ಹೆಗಲನ್ನು. ಆಮೇಲೆ ಫೋನು ಬರಲಿಲ್ಲ. ಬರಲಿಲ್ಲ ಅನ್ನುವುದಕ್ಕೆ ಇಬ್ಬರೂ ಅರ್ಥ ಕಟ್ಟಲಿಲ್ಲ.

ಮ್ಹಾಪಸಾದ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಗಾಡಿ ಹೋಗುವುದಿಲ್ಲ. ಬಾಯಿಗೇ ನಿಲ್ಲಿಸಿದ. ಬಾಗಿಲು ತೆರೆದಾಗಲೇ ಅಳು ಕೇಳಿಸಿತು. ಸಾವಂತ್ರೆವ್ವ ಓಡಲಿಲ್ಲ. ಬಾಟ್ಲಿ ಹಿಡಿದುಕೊಂಡು ನಡೆದಳು.

ಮಾಂತೇಶ ಹೊರಗೇ ನಿಂತಿದ್ದ. “ಈಗರ, ಅಕ್ಕಾ. ಹತ್ತ ಮಿನಿಟೂ ಆಗಿಲ್ಲ. ಆಕಳಿಕಿ ಬಂದಂಗಾತು. ಬಾಯಿ ತೆರದ್ಲು. ಬಾಜೂ ಮನಿ ರೂಪಿಬಾಯಿ ಎರಡ ಹನಿ ಬಿಟ್ಲು. ಏನ ಮಾಡಲಿ, ಬ್ಯಾರೆ ಹೆಣ್ಣಮಗಳು ಯಾರೂ ಇದ್ದಿಲ್ಲ.”

ಹತ್ತು ಮಿನಿಟು. ವೆರ್ಣಾದ ಬಯಲಿನಲ್ಲಿ ಎಷ್ಟು, ಗಿರಿಯ ರಸ್ತೆಯಲ್ಲಿ ಎಷ್ಟು ಅಂತ ಯಮನೂರನಿಗೆ ಯಾರೂ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ಪಣಜಿಯವರೆಗೆ ದಿನಾ ಅದೇ ದಾರಿ. ಎಂಬತ್ತರಲ್ಲಿ ಬಂದಿದ್ದರೆ ಚಂದವ್ವನ ಕಣ್ಣು ಇನ್ನೂ ಬಾಗಿಲ ಕಡೆ ಇರುತ್ತಿತ್ತು.

ಸಾವಂತ್ರೆವ್ವ ಒಳಗೆ ಹೋಗಿ ತಾಯಿಯ ತಲೆಯ ಹತ್ತಿರ ಕೂತಳು. ಕೈಗೆ ನೀರು ಸುರಿದುಕೊಂಡು ಆ ತುಟಿ ತೊಯ್ಸಿದಳು. ನೀರು ಒಳಗೆ ಹೋಗಲಿಲ್ಲ. ಗದ್ದದ ಮೇಲೆ ಇಳಿದು, ಕೊರಳಿನ ಲಿಂಗದ ಗುಂಡಗಡಗಿಯ ಹತ್ತಿರ ನಿಂತಿತು. ಅದನ್ನು ಸೆರಗಿನಿಂದ ಒರೆಸಿದಳು. ಸಿಮೆಂಟು ಹತ್ತಿತು. ಅದನ್ನೂ ಒರೆಸಿದಳು.

ಯಮನೂರ ಹೊಸ್ತಿಲಲ್ಲಿ ನಿಂತಿದ್ದ. ಕೂತಿದ್ದ ಹೆಂಗಸರು ಅಳಿಯ ಬಂದ ಅಂತ ಸರಿದು ದಾರಿ ಬಿಟ್ಟರು. ಅವನಿಗೆ ಒಳಗೆ ಕಾಲಿಡಲಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಸಾವಂತ್ರೆವ್ವ ತಲೆ ಎತ್ತದೆ ಅಂದಳು, “ಶ್ವೇತಾನ ಸಾಲಿ ಬಿಡೂ ಹೊತ್ತಾತು. ಹೋಗಿ ಕರಕೊಂಡು ಬರ್ರಿ. ಅಜ್ಜಿ ಮಾರಿ ನೋಡಲಿ.”

ಅವನು ಹೋದ, ಕರೆದುಕೊಂಡು ಬಂದ. ಅವತ್ತೂ, ಆಮೇಲೂ, ಯಮನೂರ ಗಾಡಿಯನ್ನು ಐವತ್ತರ ಮೇಲೆ ಓಡಿಸಲಿಲ್ಲ. ಚಂದವ್ವನಿಗೆ ಕೊಟ್ಟ ಮಾತು ತಪ್ಪಲಿಲ್ಲ.