ಸೊಪ್ಪಿನ ಮುಯ್ಯಿ

ನಮ್ಮೂರಿನಲ್ಲಿ ಮುಯ್ಯಿ ಉಳಿಸಿಕೊಂಡವರನ್ನು ಯಾರೂ ಮನುಷ್ಯರ ಲೆಕ್ಕಕ್ಕೆ ಇಡುವುದಿಲ್ಲ. ಇವತ್ತು ನೀನು ನಮ್ಮ ಹೊಲದಲ್ಲಿ ದುಡಿದರೆ ನಾಳೆ ನಾನು ನಿಮ್ಮ ಹೊಲಕ್ಕೆ ಬರಬೇಕು, ಅಷ್ಟೇ. ಇದನ್ನೇ ಹಿಡಿದುಕೊಂಡು ಗೆಳತಿ ಪುಟ್ಟಿ ನನ್ನನ್ನು ಸರಿಯಾಗಿ ಸಿಕ್ಕಿಸಿದಳು.

ಅದರ ಹಿಂದಿನ ವಾರ ನಮ್ಮ ರೇಷ್ಮೆಹುಳುಗಳು ಕೊನೆಯ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿದ್ದವು. ಆಗ ಎಷ್ಟು ಸೊಪ್ಪು ಹಾಕಿದರೂ ಅವಕ್ಕೆ ಸಾಲದು. ಅವ್ವನ ಕೈ ಬೇರೆ ಉಳುಕಿತ್ತು. ಪುಟ್ಟಿ ಕರೆಯದೆಯೇ ಕುಡುಗೋಲು ಹಿಡಿದು ಬಂದು ಸೊಪ್ಪು ಕೊಯ್ದಳು. ಬೆಳೆ ಉಳಿಯಿತು. "ಮುಯ್ಯಿ ಆಮ್ಯಾಕೆ ಕೇಳ್ತೀನಿ" ಅಂದು ಹೋದಳು.

ಕೇಳಿದ್ದೇನು ಗೊತ್ತಾ? ಪರೀಕ್ಷೆ! ನಾವಿಬ್ಬರೂ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಎಂ.ಎ. ಓದುವವರು. ನಾನು ಅವಳಿಗಿಂತ ಒಂದು ವರ್ಷ ಮುಂದೆ.

"ಸೋಮವಾರ ಪರೀಕ್ಷೆ ಕಣೆ ಶ್ವೇತ. ಕ್ಯಾಮೆರಾ ಮುಂದೆ ನಾನಿರ್ತೀನಿ. ನೀನು ಮಂಚದ ಹಿಂದೆ ಕುಂತ್ಕೊಂಡು ಉತ್ತರ ಹೇಳು. ಎಲ್ರೂ ಹಂಗೇ ಮಾಡೋದು."

"ಥೂ, ನಾಚ್ಕೆ ಆಗಾಕಿಲ್ವಾ ನಿಂಗೆ? ನನ್ ಕೈಲಾಗಾಕಿಲ್ಲ."

"ಹಂಗಾರೆ ಮುಯ್ಯಿ?"

ಇಲ್ಲ ಎಂದರೆ ಚಿಕ್ಕಂದಿನ ಗೆಳತಿ ಕೈತಪ್ಪುತ್ತಾಳೆ, ಹೂಂ ಎಂದರೆ ಕಳ್ಳತನಕ್ಕೆ ಕೈಜೋಡಿಸಬೇಕು. ಸಂಕಟವಾಯಿತು, ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂತು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅವ್ವ ಹೊರಗೆ ಬಂದಳು. "ಏನಮ್ಮಿ ಪುಟ್ಟಿ, ಓದಾಕೇನು ರೋಗ ನಿಂಗೆ?"

ಪುಟ್ಟಿಯ ಕಣ್ಣು ತುಂಬಿತು. "ಯಾವಾಗ ಓದ್ಲಿ ಅತ್ತೆ? ಈಗ ನಮ್ಮನೆ ಹುಳ ಜ್ವರ ಎದ್ದವೆ. ಬೆಳಗಿಂದ ಬೈಗಿನ ಗಂಟ ಸೊಪ್ಪು ಕೊಯ್ಯೋದೇ ಆಯ್ತದೆ."

"ಅದನ್ನ ಮೊದ್ಲೇ ಬೊಗಳಾಕೆ ಏನಾಗಿತ್ತು? ಸೊಪ್ಪು ಕೊಯ್ದು ಕೊಟ್ಟೋಳು ಸೊಪ್ಪನ್ನೇ ಕೇಳು. ಪರೀಕ್ಷೆ ಮುಯ್ಯಿಗೆ ಬರಾಕಿಲ್ಲ" ಎಂದು ಅವ್ವ ಕುಡುಗೋಲನ್ನು ನನ್ನ ಕೈಗೆ ತುರುಕಿದಳು.

ಪರೀಕ್ಷೆಯವರೆಗೂ ನಾನು ಅವರ ಹಿಪ್ಪುನೇರಳೆ ತೋಟದಲ್ಲಿ ಬಗ್ಗಿ ಸೊಪ್ಪು ಕೊಯ್ದೆ. ಪುಟ್ಟಿ ಬದುವಿನ ಮೇಲೆ ಕೂತು ಓದಿದಳು. ತಿಳಿಯದ್ದನ್ನು ಅಲ್ಲಿಂದಲೇ ಕೂಗಿ ಕೇಳುತ್ತಿದ್ದಳು, ನಾನು ಬೈಯುತ್ತ ಬೈಯುತ್ತಲೇ ಹೇಳಿಕೊಡುತ್ತಿದ್ದೆ. ಸೊಂಟ ಬಿದ್ದುಹೋಯಿತು. ಆದರೂ ನನಗೆ ಖುಷಿಯೇ ಆಗಿತ್ತು.

ಸೋಮವಾರ ಸೊಪ್ಪಿನ ಹೊರೆ ಹೊತ್ತು ಅವರ ಮನೆ ಬಾಗಿಲಿಗೆ ಬಂದೆ. ಪುಟ್ಟಿ ಆಗಷ್ಟೇ ಪರೀಕ್ಷೆ ಮುಗಿಸಿ ಎದ್ದಿದ್ದಳು.

"ಹೆಂಗಾಯ್ತೆ?"

"ಎರಡು ಪ್ರಶ್ನೆ ಬುಟ್ಬುಟ್ಟೆ ಕಣೆ" ಎಂದು ನಕ್ಕಳು. "ಆದ್ರೆ ಒಂದ್ಸಲಾನೂ ಮಂಚದ ಕಡೆ ತಿರುಗಿ ನೋಡ್ಲಿಲ್ಲ."

ಆಮೇಲೆ ನನ್ನ ತಲೆ ಮೇಲಿದ್ದ ಹೊರೆಯನ್ನು ತಾನೇ ಇಳಿಸಿಕೊಂಡು, ಹುಳುಗಳಿಗೆ ಸೊಪ್ಪು ಹಾಕಲು ಹೋದಳು.